ಅಜೀಜನ ಕನ್ನಡ

ಒಂದೇ ನಾಟಕವನ್ನು ಇಪ್ಪತ್ತು ಗಂಟೆಗಳ ಅಂತರದಲ್ಲಿ ಎರಡು ಸಲ ನೋಡುವ ಯೋಜನೆ ನಮ್ಮದಾಗಿರಲಿಲ್ಲ. ಅದಕ್ಕೆ ಕಾರಣ ಬೆಂಗಳೂರಿನ ಟ್ರಾಫಿಕ್. ಶನಿವಾರ ಸಂಜೆ ಏಳೂವರೆಗೆ ಜೆ.ಪಿ. ನಗರದ ರಂಗಶಂಕರದಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ ಇತ್ತು. ಮಗ್ರಿಬ್ ಮುಗಿಸಿಕೊಂಡು ಶಿವಾಜಿನಗರದ ಗೆಳೆಯನೂ ನಾನೂ, ಧಾರವಾಡದಿಂದ ಬಂದಿದ್ದ ನಮ್ಮ ಹಿರಿಯ ಮಿತ್ರ ಮಾಸ್ತರರೂ ಸಮಯಕ್ಕೆ ಸರಿಯಾಗಿ ತಲುಪಿದೆವು. ಮಂಗಳೂರು ಕಡೆಯ ನಾಲ್ಕನೆಯವನು ಸಿಲ್ಕ್ ಬೋರ್ಡ್ ಬಳಿ ಬಸ್ಸಿನಲ್ಲಿ ಸಿಕ್ಕಿಕೊಂಡು ಐದು ನಿಮಿಷ ತಡವಾಗಿ ಬಂದ. ನಾಟಕ ಶುರುವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ಒಳ್ಳೆಯ ಶಿಸ್ತು, ಬಾಗಿಲ ಹೊರಗೆ ನಿಂತವನಿಗೆ ಮಾತ್ರ ಹಾಗನ್ನಿಸುವುದಿಲ್ಲ. ಅವನು ಹೊರಗೆ ಕೂತು ಚಹಾ ಕುಡಿದು, ಭಾನುವಾರ ಮಧ್ಯಾಹ್ನ ಮೂರೂವರೆಯ ಪ್ರದರ್ಶನಕ್ಕೆ ನಾಲ್ಕು ಟಿಕೆಟ್ ಕೊಂಡುಬಿಟ್ಟ. ನಮ್ಮನ್ನು ಕೇಳಲೂ ಇಲ್ಲ.

ಶನಿವಾರದ ಪ್ರಯೋಗ ಒಟ್ಟಿನಲ್ಲಿ ಚೆನ್ನಾಗಿತ್ತು. ಹವ್ಯಾಸಿ ತಂಡ, ಹೆಸರು ಇಲ್ಲಿ ಬೇಡ, ನಾನು ಹೇಳಹೊರಟಿರುವ ದೋಷ ಅವರೊಬ್ಬರದೇ ಅಲ್ಲ. ಸುಲ್ತಾನನ ಪಾತ್ರಧಾರಿ ಕೂಗಾಡಲಿಲ್ಲ. ಚದುರಂಗದ ಮಣೆಯ ಮುಂದೆ ಕೂತಾಗಲೂ, ಬರನಿಯೊಡನೆ ಇತಿಹಾಸದ ಮಾತಾಡುವಾಗಲೂ ತನ್ನ ಬುದ್ಧಿವಂತಿಕೆಯಿಂದ ತಾನೇ ದಣಿದವನಂತೆ ಕಂಡ. ನಮಾಝಿನ ವೇಳೆಯಲ್ಲಿ ಅಮೀರರು ಅವನನ್ನು ಮುಗಿಸಲು ಹೊರಡುವ ದೃಶ್ಯದಲ್ಲಿ ಮಾತ್ರ ಸಜ್ದಾಕ್ಕೆ ಹೋದವರು ತಮಗೆ ತೋಚಿದಾಗ ತಲೆಯೆತ್ತಿದರು. ಪಕ್ಕದ ಮಸೀದಿಯ ಯಾರನ್ನಾದರೂ ಒಂದು ದಿನ ತಾಲೀಮಿಗೆ ಕರೆದಿದ್ದರೆ ಸಾಕಿತ್ತು. ಇರಲಿ, ಅದು ಸಣ್ಣ ಮಾತು.

ದೊಡ್ಡ ಮಾತು ಅಜೀಜನದು. ಅಗಸ ಅಜೀಜನೂ ಜೇಬುಗಳ್ಳ ಆಜಮನೂ ಒಟ್ಟಿಗೆ ನಿಂತು ಬಾಯಿ ತೆರೆದ ಕೂಡಲೇ ಸಭೆ ಗೊಳ್ಳೆಂದು ನಕ್ಕಿತು. ಅವರ ಮಾತಿನಲ್ಲಿ ಹಾಸ್ಯವಿದ್ದದ್ದಕ್ಕಲ್ಲ, ಅವರು ಆಡಿದ ಕನ್ನಡಕ್ಕೆ. ‘ನಮ್ದೂಕೆ’, ‘ನಿಮ್ದೂಕೆ’ ಎಂಬ ಆ ಹಳೆಯ ‘ಸಾಬರ ಕನ್ನಡ’. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಶಿವಾಜಿನಗರದ ಗೆಳೆಯ ನನಗಿಂತ ಜೋರಾಗಿ ನಕ್ಕ.

ನಮ್ಮಿಬ್ಬರ ಮನೆಮಾತೂ ದಖನಿ. ‘ನಮ್ದೂಕೆ’ ಎಂದು ಮಾತಾಡುವ ಒಬ್ಬನನ್ನೂ ನಾವು ನಮ್ಮ ಬೀದಿಗಳಲ್ಲಿ ಕಂಡಿಲ್ಲ. ದಖನಿಯವರು ಕನ್ನಡದಲ್ಲಿ ತಪ್ಪುವುದಿದೆ. ಅವನು, ಅವಳು, ಅದು ಎಂಬ ಮೂರು ದಾರಿಗಳ ಕೂಡಿಕೆಯಲ್ಲಿ ಎಡವುತ್ತಾರೆ. ಆದರೆ ಆ ದಖನಿಯ ಒಳಗೇ ಕನ್ನಡ ಕೂತಿದೆ. ನಾವು ಮಾತುಮಾತಿಗೆ ಸೇರಿಸುವ ‘ಬೋಲ್‌ಕೆ’ ನಿಮ್ಮ ‘ಅಂತ’ ಮಾಡುವ ಕೆಲಸವನ್ನೇ ಮಾಡುತ್ತದೆ. ಶತಮಾನಗಳ ನೆರೆಹೊರೆಯಿಂದ ಬಂದ ಇಂಥ ಮಿಶ್ರಣಕ್ಕೂ ನಾಟಕ-ಸಿನಿಮಾಗಳು ಹುಟ್ಟುಹಾಕಿದ ‘ನಮ್ದೂಕೆ’ಗೂ ಸಂಬಂಧವಿಲ್ಲ. ನನ್ನ ತಂದೆ ಸರಕಾರಿ ಕಚೇರಿಗೆ ಹೋಗುವ ಮುನ್ನ ಅಲ್ಲಿ ಆಡಬೇಕಾದ ನಾಲ್ಕು ವಾಕ್ಯಗಳನ್ನು ಮನೆಯಲ್ಲೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಆ ತಾಲೀಮು ಯಾಕೆಂದು ಹುಡುಗನಾಗಿದ್ದ ನನಗೆ ತಿಳಿಯುತ್ತಿರಲಿಲ್ಲ.

ಹತ್ತು ಗಂಟೆಗೆ ಹೊರಬಂದು ರಸ್ತೆ ಬದಿಯಲ್ಲಿ ಎರಡು ಬೈ-ಟೂ ಹೇಳಿ ನಿಂತೆವು. ಮಾಸ್ತರರು ತಂಡದ ಪರ. ‘ತುಘಲಕ್’ ಅನ್ನು ಬಿ.ಎ. ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವರು.

“ವೇಷ ಹಾಕ್ಕೊಂಡಾಗ ಚಲೋ ಕನ್ನಡ ಮಾತಾಡ್ತಾನ, ಆಜಮನ ಜೋಡಿ ಇದ್ದಾಗ ತನ್ನ ಭಾಷಾ. ಅದರಾಗ ಏನ್ ತಪ್ಪೈತ್ರಿ ಸಾಹೇಬ್ರ?”

ಮೇಲುನೋಟಕ್ಕೆ ಸರಿಯೇ. ಆದರೆ ಈ ನಾಟಕದಲ್ಲಿ ಸುಲ್ತಾನನೂ ಮುಸಲ್ಮಾನ, ಬರನಿಯೂ ಮುಸಲ್ಮಾನ, ಶೇಖ್ ಇಮಾಮುದ್ದೀನನೂ ಮುಸಲ್ಮಾನ. ಅವರೆಲ್ಲರ ಬಾಯಲ್ಲಿ ತಿದ್ದಿದ ಕನ್ನಡ, ಅಗಸ ಮತ್ತು ಕಳ್ಳನ ಬಾಯಲ್ಲಿ ಮಾತ್ರ ‘ನಮ್ದೂಕೆ’. ಧರ್ಮದ ಗುರುತೆಂದು ತಂದ ಭಾಷೆ ಬಡತನದ ಮೇಲೆ ಹೊರಿಸಿದ ಗೇಲಿಯಾಗಿದೆ. ಕಾರ್ನಾಡರು ಅಜೀಜನಿಗೆ ಇಂಥ ಒಡಕು ಕನ್ನಡ ಬರೆದುಕೊಟ್ಟಿಲ್ಲ. ಬರೆಯುವಂತೆಯೂ ಇರಲಿಲ್ಲ. ವಿಷ್ಣುಪ್ರಸಾದನೆಂಬ ಬ್ರಾಹ್ಮಣನಾಗಿ ಕಾಜಿಯ ನ್ಯಾಯಾಲಯದಲ್ಲಿ ಸುಲ್ತಾನನ ವಿರುದ್ಧವೇ ದಾವೆ ಗೆಲ್ಲುತ್ತಾನೆ ಈ ಅಜೀಜ್. ಕೊನೆಗೆ ಖಲೀಫರ ವಂಶದವನನ್ನು ಕೊಂದು, ಅವನ ಹೆಸರಿನಲ್ಲೇ ರಾಜಧಾನಿಗೆ ಬಂದು, ಸುಲ್ತಾನ ವರ್ಷಗಟ್ಟಲೆ ನಿಷೇಧಿಸಿದ್ದ ಸಾಮೂಹಿಕ ನಮಾಝ್ ಮತ್ತೆ ಆರಂಭವಾಗಲು ನೆಪವಾಗುತ್ತಾನೆ. ಅವನ ಬಂಡವಾಳವೆಲ್ಲ ನಾಲಗೆ. ಸುಲ್ತಾನ ಹೊರಡಿಸುವ ಒಂದೊಂದು ಉದಾತ್ತ ಫರ್ಮಾನಿನಲ್ಲೂ ತನಗೆ ನುಸುಳುವ ಸಂದು ಎಲ್ಲಿದೆ ಎಂದು ಓದಬಲ್ಲವನು ಅವನೊಬ್ಬನೇ. ತಾಮ್ರದ ನಾಣ್ಯದ ಆಜ್ಞೆಯ ಅರ್ಥ ಅಮೀರರಿಗಿಂತ ಮೊದಲು ಆದದ್ದು ಅವನಿಗೆ.

1964ರಲ್ಲಿ ಪ್ರಕಟವಾದ ಈ ಕೃತಿಯನ್ನು ನೆಹರೂ ಯುಗದ ಭ್ರಮನಿರಸನದ ನಾಟಕವೆಂದು ಓದುವುದು ರೂಢಿ. ಆ ಓದಿನಲ್ಲಿ ಎಲ್ಲರ ಕಣ್ಣೂ ಸಿಂಹಾಸನದ ಮೇಲೆ. ಕಾರ್ನಾಡರು ರಚನೆಗೆ ಹಿಡಿದದ್ದು ಅವರು ಚಿಕ್ಕಂದಿನಲ್ಲಿ ಕಂಡ ಕಂಪನಿ ನಾಟಕಗಳ ಹಾದಿಯನ್ನು. ಮುಂದಿನ ಪರದೆಯ ಎದುರು ಬೀದಿಯ ಹಾಸ್ಯ, ಪರದೆ ಸರಿದರೆ ಅರಮನೆ. ಹಿಂದೆ ಸಜ್ಜು ಬದಲಾಯಿಸುವಷ್ಟು ಹೊತ್ತು ಮುಂದೆ ಇಬ್ಬರು ಜನರನ್ನು ನಗಿಸಬೇಕು. ಅಜೀಜ್-ಆಜಮ್ ಆ ಜಾಗಕ್ಕೆ ಬಂದವರು. ಆದರೆ ಹದಿಮೂರನೆಯ ದೃಶ್ಯದ ಹೊತ್ತಿಗೆ ಅಜೀಜ್ ಪರದೆ ದಾಟಿ ಸುಲ್ತಾನನ ಎದುರಿಗೇ ನಿಂತಿರುತ್ತಾನೆ. ಇಷ್ಟು ದಿನ ತಮ್ಮ ಮಾತನ್ನು ಅಕ್ಷರಶಃ ನಂಬಿ ನಡೆದ ಶಿಷ್ಯ ನಾನೇ ಎಂಬ ಧಾಟಿಯಲ್ಲಿ ವಾದಿಸುತ್ತಾನೆ. ಸುಲ್ತಾನ ಅವನನ್ನು ಶಿಕ್ಷಿಸಲಾರ, ದಖ್ಖನಿನಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ಕನ್ನಡಿಯನ್ನು ಒಡೆಯುವುದು ಹೇಗೆ? ಈ ದೃಶ್ಯದಲ್ಲೂ ಶನಿವಾರದ ನಟ ‘ನಮ್ದೂಕೆ’ ಎಂದ, ಸಭೆ ನಕ್ಕಿತು. ಕನ್ನಡಿ ಹಾಸ್ಯದ ಗೊಂಬೆಯಾಯಿತು. ಮಾಸ್ತರರಿಗೆ ಇದನ್ನು ಹೇಳಿದೆ. ಅವರು ಚಹಾ ಮುಗಿಸಿದರು, ಒಪ್ಪಲಿಲ್ಲ.

ಭಾನುವಾರ ಬೆಳಗ್ಗೆ ರಸೆಲ್ ಮಾರುಕಟ್ಟೆಯ ಹಿಂದಿನ ಹೋಟೆಲಿನಲ್ಲಿ ವಾದ ಮುಂದುವರಿಯಿತು. ಹಿಂದಿನ ದಿನ ನಾಟಕವನ್ನೇ ನೋಡದಿದ್ದ ಬ್ಯಾರಿ ಗೆಳೆಯ ಎಲ್ಲರಿಗಿಂತ ಹೆಚ್ಚು ಮಾತಾಡಿದ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವನು. “ನನ್ನ ಕನ್ನಡ ಪುಸ್ತಕದ್ದು ಮಾರಾಯ. ಬೆಂಗಳೂರಿಗೆ ಬಂದಾಗ, ಇಷ್ಟು ಶುದ್ಧ ಮಾತಾಡ್ತೀಯ, ಮುಸ್ಲಿಮನ ಹಾಗೆ ಇಲ್ಲವೇ ಇಲ್ಲ ಅಂದರು. ಅದನ್ನು ಹೊಗಳಿಕೆ ಅಂತ ಹೇಳಿದ್ದು!” ಮಾಸ್ತರರು ಸುಲೈಮಾನಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಸುಮ್ಮನಾದರು.

ಮಧ್ಯಾಹ್ನದ ಪ್ರದರ್ಶನದಲ್ಲಿ ಅರ್ಧ ಕುರ್ಚಿಗಳು ಖಾಲಿ. ನಾನು ವೇದಿಕೆಗಿಂತ ಸಭೆಯನ್ನೇ ಹೆಚ್ಚು ನೋಡಿದೆ. ಮೊದಲ ‘ನಮ್ದೂಕೆ’ಗೆ ಅಲ್ಲಲ್ಲಿ ಕಿಸಕ್ಕೆಂದದ್ದು ಬಿಟ್ಟರೆ ನಗು ಏಳಲಿಲ್ಲ. ನಟ ಕ್ರಮೇಣ ಆ ರಾಗವನ್ನು ಸಡಿಲಿಸುತ್ತ ಹೋದ. ಕೊನೆಯ ದೃಶ್ಯಕ್ಕೆ ಅದು ಪೂರ್ತಿ ಕಳಚಿತ್ತು. ಸುಲ್ತಾನನ ಎದುರು ಅಜೀಜ್ ಸರಳ ಕನ್ನಡದಲ್ಲಿ, ಅವಸರವಿಲ್ಲದೆ, ತಾನು ಮಾಡಿದ್ದನ್ನು ಲೆಕ್ಕ ಒಪ್ಪಿಸುವವನಂತೆ ಹೇಳಿದ. ಯಾರೂ ನಗಲಿಲ್ಲ. ಶನಿವಾರ ಈ ಹೊತ್ತಿನಲ್ಲಿ ಎತ್ತರದಲ್ಲಿ ನಿಂತಂತಿದ್ದ ಸುಲ್ತಾನ ಈಗ ಅಗಸನ ಮಾತನ್ನು ಕತ್ತು ಬಾಗಿಸಿ ಕೇಳುತ್ತಿದ್ದ. ಆಮೇಲೆ ಅವನಿಗೆ ಹತ್ತುವ ಆ ಜೋಂಪು, ಬಾಂಗ್ ಕೇಳಿ ಎಲ್ಲಿದ್ದೇನೆಂದು ತಿಳಿಯದೆ ಬೆಚ್ಚಿ ನೋಡುವುದು, ಎಲ್ಲವೂ ಹಿಂದಿನ ದಿನದ ಅಭಿನಯವೇ. ಆದರೆ ಅದಕ್ಕೊಂದು ಕಾರಣ ದೊರಕಿತ್ತು.

ಹೊರಗೆ ಚಹಾಕ್ಕೆ ನಿಂತಿದ್ದಾಗ ಅಜೀಜನ ಪಾತ್ರಧಾರಿಯೇ ಬಂದ. ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಎಳೆಯ ಹುಡುಗ. ಮಾಸ್ತರರೇ ಕೇಳಿದರು: “ಕಡೀಕ ಆ ಭಾಷಾ ಯಾಕ ಬಿಟ್ಟೆಪಾ?”

“ಡೈಲಾಗ್ ಉದ್ದ ಇದೆ ಸಾರ್. ಆ ಥರ ಎಳೆದು ಹೇಳಿದ್ರೆ ಅರ್ಥ ಹೋಗ್ಬಿಡುತ್ತೆ ಅನ್ನಿಸ್ತು. ಇವತ್ತು ಜನಾನೂ ನಗ್ತಿರ್ಲಿಲ್ಲ.”

“ಛಲೋ ಮಾಡಿದಿ.”

“ಇಲ್ಲ ಸಾರ್, ಈಗ ಒಳಗೆ ಬೈಸ್ಕೊಂಡು ಬಂದೆ. ಮುಂದಿನ ಶೋಗೆ ಹಳೇದೇ ಮಾಡ್ಬೇಕಂತೆ.”

ಬ್ಯಾರಿ ಗೆಳೆಯ ಅವನಿಗೂ ಒಂದು ಚಹಾ ಹೇಳಿದ, ಬೈ-ಟೂ ಅಲ್ಲ, ಪೂರ್ತಿ.