ವಾಲ್ವ್ ಬಾಡಿಯ ಜಾಣ್ಮೆ

ಹಳೆಯ ಆಟೋಮ್ಯಾಟಿಕ್ ಕಾರು ಗೇರು ಬದಲಿಸುವಾಗ ಧಡಕ್ಕನೆ ಒದ್ದರೆ, ಎರಡರಿಂದ ಮೂರಕ್ಕೆ ಹೋಗಲು ತಡವರಿಸಿದರೆ, ಗೇರ್‌ಬಾಕ್ಸೇ ಹೋಯಿತೆಂದು ಕೈಚೆಲ್ಲುವವರೇ ಹೆಚ್ಚು. ಎಷ್ಟೋ ಸಲ ತಕರಾರು ಇರುವುದು ಗೇರು ಬದಲಿಸುವ ಆಯಿಲಿಗೆ ದಾರಿ ತೋರುವ ವಾಲ್ವ್ ಬಾಡಿಯಲ್ಲಿ ಮಾತ್ರ. ಹಲವು ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸದೆ, ಆಯಿಲ್ ಪ್ಯಾನ್ ಬಿಚ್ಚಿದರೆ ಅದು ಕೈಗೆ ಸಿಗುತ್ತದೆ.

ಆ ಅಲ್ಯೂಮಿನಿಯಂ ಎರಕವನ್ನು ಬಿಡಿಸಿ ನೋಡಬೇಕು! ಗೆದ್ದಲು ಕೊರೆದ ಹಲಗೆಯಂತೆ ಮೈತುಂಬ ಅಂಕುಡೊಂಕು ಕಾಲುವೆಗಳು. ನಡುವೆ ನುಣುಪಾದ ಪುಟ್ಟ ವಾಲ್ವುಗಳು, ಅವಕ್ಕೆ ಸ್ಪ್ರಿಂಗುಗಳು. ಹಳೆಯ ವಿನ್ಯಾಸಗಳಲ್ಲಿ ವಾಲ್ವಿನ ಒಂದು ತುದಿಗೆ ವೇಗಕ್ಕೆ ತಕ್ಕ ಆಯಿಲ್ ಒತ್ತಡ, ಇನ್ನೊಂದಕ್ಕೆ ಆಕ್ಸಿಲರೇಟರ್ ತುಳಿದಷ್ಟು ಒತ್ತಡ. ವೇಗದ ಕಡೆ ಗೆದ್ದಾಗ ವಾಲ್ವು ಸರಿದು ಮುಂದಿನ ಗೇರಿಗೆ ಆಯಿಲ್ ಹರಿಯುತ್ತದೆ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ಬಂದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಕಂಪ್ಯೂಟರಿನ ಹಂಗಿಲ್ಲದೆ 4 ಗೇರುಗಳನ್ನು ತಾನೇ ಬದಲಿಸುತ್ತಿತ್ತು. ನನಗೆ ಇದು ಇಂದಿಗೂ ಬೆರಗೇ. ಈಗ ಆ ತೀರ್ಮಾನ ಕಂಪ್ಯೂಟರಿನದು, ಅದರ ಮಾತು ಕೇಳುವುದು ಸೊಲೆನಾಯ್ಡುಗಳೆಂಬ ವಿದ್ಯುತ್ ವಾಲ್ವುಗಳು.

ಮನೆಯಲ್ಲಿ ರಿಪೇರಿಗೆ ಕೂತವರಿಗೆ ಬೇಕಾದದ್ದು ತಾಳ್ಮೆ ಮತ್ತು ಶುಚಿ. ಬಿಚ್ಚುವ ಮುನ್ನ ಫೋಟೊ ತೆಗೆಯಬೇಕು. ಕಾಲುವೆಗಳಲ್ಲಿ ಕೂತಿರುವ ಉಕ್ಕಿನ ಸಣ್ಣ ಗುಂಡುಗಳು ಜಾಗ ತಪ್ಪಿದರೆ ಕೆಲಸ ಕೆಟ್ಟಂತೆ. ನೂಲು ಬಿಡುವ ಬಟ್ಟೆ ಹತ್ತಿರ ಸುಳಿಯಬಾರದು. ತೊಳೆದು ಒಣಗಿಸಿದ ವಾಲ್ವು, ಎರಕವನ್ನು ತುಸು ಓರೆ ಮಾಡಿದರೆ, ತನ್ನ ಭಾರಕ್ಕೇ ಜಾರಬೇಕು. ಅಂಟಿಕೊಂಡಿದ್ದ ವಾಲ್ವೊಂದು ಹಾಗೆ ಸಲೀಸಾಗಿ ಜಾರಿದಾಗ ಆಗುವ ಖುಷಿಯೇ ಬೇರೆ. ಆಮೇಲೆ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟೇ ಬಿಗಿದು, ಕಂಪನಿ ಹೇಳಿದ ಆಯಿಲನ್ನೇ ಹಾಕಬೇಕು.