ವೇಷವೂ ಯಜಮಾನಿಕೆಯೂ: ವೃತ್ತಿಕುಸ್ತಿಯನ್ನು ಕುರಿತ ರೋಲಾಂ ಬಾರ್ತನ ಪ್ರಬಂಧದ ವಿಮರ್ಶೆ

೧

ಯೂರೋಪು ಅಮೆರಿಕಗಳಲ್ಲಿ ವೃತ್ತಿಕುಸ್ತಿಯೆಂದು ಪ್ರಸಿದ್ಧವಾಗಿರುವ ಪ್ರದರ್ಶನವು ವಿದ್ವಾಂಸರ ಪರಿಶೀಲನೆಗೆ ಅರ್ಹವಾದುದಲ್ಲವೆಂಬ ಭಾವನೆ ಬಹುಕಾಲದಿಂದ ಬೆಳೆದುಬಂದಿದೆ. ಅಲ್ಲಿ ಸೋಲುಗೆಲವುಗಳು ಮೊದಲೇ ಗೊತ್ತಾಗಿರುತ್ತವೆ; ಮಲ್ಲರ ಕೋಪತಾಪಗಳು ಕಲ್ಪಿತವಾದವು; ಆದಕಾರಣ ಅದು ಕ್ರೀಡೆಯೂ ಅಲ್ಲ, ನಾಟಕವೂ ಅಲ್ಲ ಎಂಬುದು ಸಾಮಾನ್ಯವಾದ ಆಕ್ಷೇಪಣೆ. ಈ ಆಕ್ಷೇಪಣೆಗೆ ಗಂಭೀರವಾದ ಉತ್ತರವನ್ನು ಕೊಟ್ಟವರಲ್ಲಿ ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತನು ಮುಖ್ಯನು. ೧೯೫೭ರಲ್ಲಿ ಪ್ರಕಟವಾದ ಅವನ ‘ಮಿಥಾಲಜೀಸ್’ ಎಂಬ ಸಂಗ್ರಹದ ಮೊದಲನೆಯ ಪ್ರಬಂಧವೇ ಈ ಕುಸ್ತಿಯನ್ನು ಕುರಿತದ್ದು.

ವಿಷಯವು ನಮ್ಮ ಓದುಗರಿಗೆ ತೀರ ಅಪರಿಚಿತವಾದುದೇನೂ ಅಲ್ಲ. ೧೯೯೦ರ ದಶಕದಲ್ಲಿ ಕೇಬಲ್ ಟೆಲಿವಿಷನ್ನಿನ ಮೂಲಕ ಅಮೆರಿಕದ ಮಲ್ಲರು ನಮ್ಮ ಊರುಗಳಿಗೂ ಬಂದರು. ಅವರ ಚಿತ್ರಗಳುಳ್ಳ ಟ್ರಂಪ್ ಕಾರ್ಡುಗಳು ಅಂಗಡಿಗಳಲ್ಲಿ ದೊರೆಯುತ್ತಿದ್ದುವು. ಎತ್ತರ, ತೂಕ, ಎದೆಯ ಸುತ್ತಳತೆ, ಗೆದ್ದ ಪಂದ್ಯಗಳ ಸಂಖ್ಯೆ ಇವೆಲ್ಲವೂ ಅವುಗಳ ಮೇಲೆ ಅಚ್ಚಾಗಿರುತ್ತಿದ್ದುವು. ಶಾಲೆಯ ದಿನಗಳಲ್ಲಿ ನಾವೂ ಆ ಅಂಕಿಗಳನ್ನು ಪ್ರಮಾಣವೆಂದೇ ನಂಬಿದ್ದೆವು. ಅಚ್ಚಾದ ಅಂಕಿಯ ಹಿಂದೆ ಅದನ್ನು ಗೊತ್ತುಮಾಡಿದವನೊಬ್ಬನಿರುತ್ತಾನೆಂಬುದು ಇತಿಹಾಸದ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠಗಳಲ್ಲೊಂದು. ಕುಸ್ತಿಯ ಕಣದಲ್ಲಿ ಆ ಒಬ್ಬನು ಯಾರು ಎಂಬ ಪ್ರಶ್ನೆಯನ್ನು ಬಾರ್ತನು ಕೇಳಲಿಲ್ಲವೆಂಬುದೂ, ಅದನ್ನು ಕೇಳದೆ ಈ ಕಲೆಯ ಅರ್ಥ ಪೂರ್ಣವಾಗುವುದಿಲ್ಲವೆಂಬುದೂ ಪ್ರಸ್ತುತ ಲೇಖನದ ವಾದ.

೨

ಮೊದಲು ಬಾರ್ತನ ಮತವನ್ನು ಸಂಕ್ಷೇಪವಾಗಿ ನಿರೂಪಿಸೋಣ. ಮುಷ್ಟಿಯುದ್ಧದಲ್ಲಿ ಪ್ರೇಕ್ಷಕನು ಮುಂದೇನಾಗುವುದೆಂದು ಕಾಯುತ್ತಾನೆ. ಕುಸ್ತಿಯಲ್ಲಾದರೋ ಪ್ರತಿಯೊಂದು ಕ್ಷಣವೂ ತನ್ನಷ್ಟಕ್ಕೆ ತಾನೇ ಪೂರ್ಣವಾದ ಚಿತ್ರ. ಮಲ್ಲನ ಕರ್ತವ್ಯ ಗೆಲ್ಲುವುದಲ್ಲ. ಅವನಿಂದ ಜನ ನಿರೀಕ್ಷಿಸುವ ಭಂಗಿಗಳನ್ನು ತಪ್ಪದೆ ತೋರಿಸುವುದು. ತೋವಾಂ ಎಂಬ ಐವತ್ತು ವರ್ಷದ ಸ್ಥೂಲಕಾಯನ ಉದಾಹರಣೆಯನ್ನು ಬಾರ್ತನು ಕೊಡುತ್ತಾನೆ. ಅವನ ಜೋಲುವ ಮೈಯನ್ನು ಕಂಡೊಡನೆಯೇ, ಪಂದ್ಯ ಪ್ರಾರಂಭವಾಗುವುದಕ್ಕೆ ಮುಂಚೆಯೇ, ಇವನು ನೀಚನೆಂದು ಸಭೆಗೆ ತಿಳಿದುಹೋಗುತ್ತದೆ. ದೇಹವೇ ಇಲ್ಲಿ ವೇಷ. ಯಾತನೆ, ಪರಾಜಯ, ನ್ಯಾಯ ಎಂಬ ಮಹಾಭಾವಗಳು ಕಣ್ಣಿಗೆ ಕಟ್ಟುವಂತೆ ಪ್ರದರ್ಶಿತವಾಗುತ್ತವೆ. ಕುಸ್ತಿಯು ಮೋಸವೋ ಅಲ್ಲವೋ ಎಂಬ ವಿಚಾರ ಸಭೆಗೆ ಬೇಕಾಗಿಯೇ ಇಲ್ಲ.

ಈ ವಿವೇಚನೆಯ ಬೆಲೆಯನ್ನು ಯಾರೂ ಕಡೆಗಣಿಸುವಂತಿಲ್ಲ. ಬಣ್ಣದ ವೇಷವು ತೆರೆಯ ಹಿಂದಿನಿಂದ ಅಬ್ಬರಿಸಿದೊಡನೆಯೇ ರಾಕ್ಷಸನೆಂದರಿಯುವ ಯಕ್ಷಗಾನದ ಪ್ರೇಕ್ಷಕನಿಗೆ ಬಾರ್ತನ ಮಾತು ಸುಲಭವಾಗಿ ಮನದಟ್ಟಾಗುತ್ತದೆ. ಆದರೆ ಅದೇ ಪ್ರೇಕ್ಷಕನಿಗೆ ಇನ್ನೊಂದು ಸಂಗತಿಯೂ ಗೊತ್ತು. ಮೇಳವೆಂದ ಮೇಲೆ ಅದಕ್ಕೊಬ್ಬ ಯಜಮಾನನಿರುತ್ತಾನೆ. ಯಾರಿಗೆ ಎಷ್ಟು ಸಂಬಳವೆಂಬುದು ಅವನಿಗೆ ಸೇರಿದ ವಿಷಯ. ಬಾರ್ತನ ಪ್ರಬಂಧದಲ್ಲಿ ವೇಷಧಾರಿಯುಂಟು, ಸಭೆಯುಂಟು. ಯಜಮಾನನು ಮಾತ್ರ ಇಲ್ಲ. ಪ್ರಬಂಧದ ಕೊನೆಯಲ್ಲಿ ಮಲ್ಲನು ಸಾಮಾನ್ಯ ಮನುಷ್ಯನಾಗಿ, ಕೈಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದು, ಹೆಂಡತಿಯೊಡನೆ ಹೊರಟುಹೋಗುತ್ತಾನೆ. ಚಿತ್ರ ಸೊಗಸಾಗಿದೆ. ಆದರೆ ಆ ರಾತ್ರಿ ಅವನಿಗೆ ಸಿಕ್ಕಿದ ಕೂಲಿ ಎಷ್ಟು, ನಾಳೆಯ ಪಂದ್ಯ ಅವನಿಗೆ ಸಿಕ್ಕುವುದೋ ಇಲ್ಲವೋ, ಅವನ ವೇಷದ ಹೆಸರು ಯಾರ ಸ್ವತ್ತು ಎಂಬುದನ್ನು ಪ್ರಬಂಧಕಾರನು ವಿಚಾರಿಸುವುದಿಲ್ಲ. ಮಿಥ್ಯಾಕಲ್ಪನೆಗಳು ಇತಿಹಾಸವನ್ನು ಪ್ರಕೃತಿಯೆಂಬಂತೆ ತೋರಿಸುತ್ತವೆಂದು ಅದೇ ಗ್ರಂಥದ ಕೊನೆಯ ಭಾಗದಲ್ಲಿ ಪ್ರತಿಪಾದಿಸಿದವನು ಅವನೇ. ಆ ಅಳತೆಗೋಲನ್ನು ಅವನ ಮೊದಲ ಪ್ರಬಂಧಕ್ಕೇ ಹಿಡಿದರೆ ತಪ್ಪಾಗಲಾರದು.

೩

ವೇಷದ ಶಕ್ತಿಗೆ ಅಮೆರಿಕದಲ್ಲಿ ‘ಗಾರ್ಜಿಯಸ್ ಜಾರ್ಜ್’ ಎಂದು ಹೆಸರಾದವನಿಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ೧೯೧೫ರಲ್ಲಿ ನೆಬ್ರಾಸ್ಕ ಸಂಸ್ಥಾನದಲ್ಲಿ ಹುಟ್ಟಿದ ಜಾರ್ಜ್ ವ್ಯಾಗ್ನರನು ಅಸಾಧಾರಣ ಗಾತ್ರದವನಲ್ಲ. ಅವನು ಕೂದಲಿಗೆ ಹೊಂಬಣ್ಣ ಹಾಕಿ ಗುಂಗುರು ಮಾಡಿಸಿಕೊಂಡನು. ಬೆಲೆಬಾಳುವ ನಿಲುವಂಗಿ ತೊಟ್ಟು, ವಾದ್ಯಸಂಗೀತದೊಡನೆ ನಿಧಾನವಾಗಿ ಕಣಕ್ಕೆ ಬರತೊಡಗಿದನು. ಅವನ ಸೇವಕನು ಮುಂದಾಗಿ ಬಂದು ಕಣಕ್ಕೆಲ್ಲ ಸುಗಂಧ ಸಿಂಪಡಿಸುವನು. ಎದುರಾಳಿಯನ್ನು ಮುಟ್ಟುವುದೇ ಮೈಲಿಗೆಯೆಂಬಂತೆ ಇವನು ಮುಖ ಸಿಂಡರಿಸುವನು. ಜನ ಅವನನ್ನು ದ್ವೇಷಿಸಿದರು; ದ್ವೇಷಿಸುವುದಕ್ಕಾಗಿಯೇ ಹಣಕೊಟ್ಟು ಬಂದರು. ೧೯೪೦ರ ದಶಕದ ಕೊನೆಯಲ್ಲಿ ಟೆಲಿವಿಷನ್ ಹರಡಿದಾಗ ಇವನು ಮನೆಮನೆಗೂ ಪರಿಚಿತನಾದನು. ಮುಷ್ಟಿಮಲ್ಲ ಮಹಮ್ಮದ್ ಅಲಿಯು ೧೯೬೧ರಲ್ಲಿ ಇವನನ್ನು ಕಂಡು, ಬಡಾಯಿಯ ಮಾತಿಗೆ ಎಷ್ಟು ಜನ ಸೇರುತ್ತಾರೆಂಬುದನ್ನು ಕಲಿತುಕೊಂಡುದಾಗಿ ಅನಂತರ ಹೇಳಿಕೊಂಡಿದ್ದಾನೆ.

ಆದರೆ ಈ ವೇಷದ ಪರಿಣಾಮವೇನು? ತನ್ನ ಕೂದಲನ್ನೇ ಪಣವಾಗಿಟ್ಟು ಸೋತು, ೧೯೬೨ರಲ್ಲಿ ಲಾಸ್ ಏಂಜಲೀಸಿನಲ್ಲಿ ಸಭೆಯ ಮುಂದೆ ಅವನು ತಲೆ ಬೋಳಿಸಿಕೊಳ್ಳಬೇಕಾಯಿತು. ಮರುವರ್ಷ ಡಿಸೆಂಬರಿನಲ್ಲಿ ತನ್ನ ೪೮ನೆಯ ವಯಸ್ಸಿನಲ್ಲಿ ಬಡವನಾಗಿ ತೀರಿಕೊಂಡನು. ತನ್ನಲ್ಲಿದ್ದ ಕೊನೆಯ ಸ್ವತ್ತನ್ನೂ, ಅಂದರೆ ವೇಷವನ್ನೇ, ಮಾರಿಕೊಂಡನೆಂದು ಹೇಳಬೇಕಾಗುತ್ತದೆ. ಆದರೂ ಒಂದು ಸಂಗತಿ ಸ್ಮರಣೀಯ: ಆ ವೇಷ ಅವನದೇ ಆಗಿದ್ದಿತು. ಮುಂದಿನ ತಲೆಮಾರಿಗೆ ಆ ಭಾಗ್ಯವೂ ಉಳಿಯಲಿಲ್ಲ.

೪

ಸೋಲುಗೆಲವನ್ನು ಗೊತ್ತುಮಾಡುವ ಅಧಿಕಾರ ಯಾರ ಕೈಯಲ್ಲಿದ್ದಿತೆಂಬುದಕ್ಕೂ ಒಂದು ಇತಿಹಾಸವಿದೆ. ಪೋಲೆಂಡಿನ ಮಲ್ಲ ಸ್ಟಾನಿಸ್ಲಾಸ್ ಜಿಬಿಸ್ಕೋವಿನ ಹೆಸರು ಭಾರತೀಯರಿಗೆ ಪರಿಚಿತವಾದುದು. ೧೯೧೦ರಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನನೊಡನೆ ಎರಡೂವರೆ ಗಂಟೆಗೂ ಹೆಚ್ಚು ಕಾಲ ಹೋರಾಡಿ ಸಮಸಮವೆನಿಸಿಕೊಂಡವನು, ೧೯೨೮ರಲ್ಲಿ ಪಟಿಯಾಲದಲ್ಲಿ ಅದೇ ಗಾಮಾನಿಂದ ಒಂದು ನಿಮಿಷದೊಳಗೆ ಚಿತ್ ಆದವನು ಇವನೇ. ಈ ಎರಡು ಪಂದ್ಯಗಳ ನಡುವೆ ಅಮೆರಿಕದಲ್ಲಿ ಇವನು ಮಾಡಿದ ಕೆಲಸ ನಮ್ಮಲ್ಲಿ ಅಷ್ಟಾಗಿ ಪ್ರಸಿದ್ಧವಾಗಿಲ್ಲ.

೧೯೨೫ರಲ್ಲಿ ಅಲ್ಲಿಯ ವ್ಯವಸ್ಥಾಪಕರು ವೇಯ್ನ್ ಮನ್ ಎಂಬ ಫುಟ್‌ಬಾಲ್ ಆಟಗಾರನನ್ನು ಚಾಂಪಿಯನ್ ಪಟ್ಟಕ್ಕೇರಿಸಿದ್ದರು. ಅವನ ಆಕಾರ ಭವ್ಯವಾಗಿದ್ದಿತು. ಪಟ್ಟುಗಳ ಜ್ಞಾನ ಅಷ್ಟಕ್ಕಷ್ಟೆ. ಏಪ್ರಿಲ್ ೧೫ರಂದು ಫಿಲಡೆಲ್ಫಿಯದಲ್ಲಿ ಜಿಬಿಸ್ಕೋ ಅವನಿಗೆ ಸೋಲಬೇಕೆಂದು ಗೊತ್ತಾಗಿದ್ದಿತು. ನಲವತ್ತೈದು ದಾಟಿದ್ದ ಆ ಗರಡಿಯಾಳು ಪ್ರತಿಪಕ್ಷದ ವ್ಯವಸ್ಥಾಪಕರೊಡನೆ ಸೇರಿಕೊಂಡು, ಒಪ್ಪಂದವನ್ನು ಮುರಿದು, ಮನ್ ಎಂಬ ಚಾಂಪಿಯನ್ನನನ್ನು ಮತ್ತೆಮತ್ತೆ ನೆಲಕ್ಕೊತ್ತಿ ಪಟ್ಟವನ್ನು ಕಿತ್ತುಕೊಂಡನು. ನಿಜವಾದ ಪಟ್ಟು ಬಲ್ಲವನ ಮುಂದೆ ಕಲ್ಪಿತವಾದ ಕಥೆ ನಿಲ್ಲಲಿಲ್ಲ. ಆ ಕಾಲದಲ್ಲಿ ಮಲ್ಲನ ಮೈಯೇ ಅವನ ಅಂತಿಮವಾದ ಹಕ್ಕು.

ಈ ಬಗೆಯ ದ್ರೋಹಕ್ಕೆ ಅವಕಾಶವಿಲ್ಲದಂತೆ ಮಾಡುವುದೇ ಮುಂದಿನ ವ್ಯವಸ್ಥೆಯ ಒಂದು ಉದ್ದೇಶವಾಯಿತು. ೧೯೪೮ರಲ್ಲಿ ಅಯೋವ ಸಂಸ್ಥಾನದ ವಾಟರ್ಲೂ ಪಟ್ಟಣದಲ್ಲಿ ವ್ಯವಸ್ಥಾಪಕರು ಕೂಡಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಎಂಬ ಕೂಟವನ್ನು ಸ್ಥಾಪಿಸಿದರು. ದೇಶವನ್ನು ಸೀಮೆಗಳನ್ನಾಗಿ ಹಂಚಿಕೊಂಡು, ಒಬ್ಬರ ಸೀಮೆಯಲ್ಲಿ ಮತ್ತೊಬ್ಬರು ಕಾಲಿಡಕೂಡದೆಂದು ಕಟ್ಟುಮಾಡಿದರು. ಚಾಂಪಿಯನ್ ಆದವನು ಠೇವಣಿ ಇಡಬೇಕಾಗಿದ್ದಿತು. ಕೂಟದ ಮಾತಿಗೆ ಒಗ್ಗದ ಮಲ್ಲನಿಗೆ ಯಾವ ಸೀಮೆಯಲ್ಲಿಯೂ ಕೆಲಸ ದೊರೆಯದಂತಾಗುತ್ತಿದ್ದಿತು. ೧೯೫೬ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯು ಏಕಸ್ವಾಮ್ಯ ವಿರೋಧಿ ಕಾನೂನಿನ ಮೇರೆಗೆ ದಾವೆ ಹೂಡಿ, ಉಭಯಸಮ್ಮತಿಯ ತೀರ್ಪಿನ ಮೂಲಕ ಈ ಪದ್ಧತಿಗಳನ್ನು ನಿಷೇಧಿಸಿತು. ಬಾರ್ತನ ಗ್ರಂಥ ಹೊರಬಂದುದು ಅದರ ಮರುವರ್ಷ. ಅವನು ಬರೆದುದು ಫ್ರಾನ್ಸಿನ ಕುಸ್ತಿಯನ್ನು ಕುರಿತು, ನಿಜ. ಆದರೆ ಅಮೆರಿಕದ ಕುಸ್ತಿಯನ್ನೂ ಅವನು ಹೋಲಿಕೆಗಾಗಿ ಪ್ರಸ್ತಾಪಿಸಿ, ಅಲ್ಲಿಯ ದುಷ್ಟನು ಸಾಮಾನ್ಯವಾಗಿ ಕಮ್ಯೂನಿಸ್ಟನ ವೇಷದಲ್ಲಿರುತ್ತಾನೆಂದು ಹೇಳುತ್ತಾನೆ. ಅಲ್ಲಿಯ ರಾಜಕೀಯ ಅವನಿಗೆ ವೇಷದಲ್ಲಿ ಕಂಡಿತು, ವ್ಯವಸ್ಥೆಯಲ್ಲಿ ಕಾಣಲಿಲ್ಲ.

ಸೀಮೆಗಳ ವ್ಯವಸ್ಥೆಯನ್ನು ನಿಜವಾಗಿ ಮುರಿದವನು ವಿನ್ಸ್ ಮೆಕ್‌ಮಹನ್. ೧೯೮೨ರಲ್ಲಿ ತಂದೆಯಿಂದ ಸಂಸ್ಥೆಯನ್ನು ಕೊಂಡು, ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ನನ್ನು ಟೆಲಿವಿಷನ್ನಿನ ಬಲದಿಂದ ದೇಶವ್ಯಾಪಿಯಾಗಿ ಹಬ್ಬಿಸಿದನು. ೧೯೮೯ರಲ್ಲಿ ನ್ಯೂಜರ್ಸಿ ಸಂಸ್ಥಾನದ ಶಾಸಕರ ಮುಂದೆ ಅವನ ಸಂಸ್ಥೆಯು, ತಮ್ಮದು ಸ್ಪರ್ಧೆಯಲ್ಲ, ಮನೋರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡಾ ಆಯೋಗದ ನಿಯಂತ್ರಣದಿಂದ ಪಾರಾಗುವುದು ಅದರ ಗುರಿ. ದಶಕಗಳ ಕಾಲ ಮಲ್ಲರು ಪ್ರಾಣದಂತೆ ಕಾಪಾಡಿಕೊಂಡು ಬಂದ ಗುಟ್ಟನ್ನು ಯಜಮಾನನು ತನ್ನ ಅನುಕೂಲಕ್ಕಾಗಿ ಬಿಟ್ಟುಕೊಟ್ಟನು. ಗುಟ್ಟು ಯಾರ ಸ್ವತ್ತೆಂಬುದು ಅಂದು ಸ್ಪಷ್ಟವಾಯಿತು.

೫

ಇದರ ಪರಿಣಾಮವನ್ನು ಅರಿಯುವುದಕ್ಕೆ ಕೆನಡದ ನಿರ್ದೇಶಕ ಪಾಲ್ ಜೇ ೧೯೯೮ರಲ್ಲಿ ಹೊರತಂದ ‘ಹಿಟ್‌ಮನ್ ಹಾರ್ಟ್: ರೆಸ್ಲಿಂಗ್ ವಿತ್ ಶ್ಯಾಡೋಸ್’ ಎಂಬ ಸಾಕ್ಷ್ಯಚಿತ್ರವು ಅಮೂಲ್ಯವಾದ ಆಧಾರ. ಬಾರ್ತನ ಪ್ರಬಂಧದೊಡನೆ ಇದನ್ನು ಇಟ್ಟು ನೋಡುವುದು ಉಚಿತ.

ಕೆನಡದ ಬ್ರೆಟ್ ಹಾರ್ಟನು ೧೯೯೬ರಲ್ಲಿ ಮೆಕ್‌ಮಹನ್ನನ ಸಂಸ್ಥೆಯೊಡನೆ ೨೦ ವರ್ಷಗಳ ಕರಾರು ಮಾಡಿಕೊಂಡನು. ಒಂದೇ ವರ್ಷದಲ್ಲಿ ಯಜಮಾನನು, ಇಷ್ಟು ಹಣ ತನ್ನಿಂದಾಗದು, ಪ್ರತಿಸ್ಪರ್ಧಿ ಸಂಸ್ಥೆಗೆ ಹೋಗಬಹುದೆಂದನು. ಹೋಗುವ ಮುನ್ನ ಹಾರ್ಟನು ಶಾನ್ ಮೈಕೇಲ್ಸನಿಗೆ ಪಟ್ಟ ಬಿಟ್ಟುಕೊಡಬೇಕಾಗಿದ್ದಿತು. ತನ್ನ ದೇಶದ ಜನರ ಮುಂದೆ ಸೋಲಲಾರೆನೆಂದು ಅವನು ಹಟಹಿಡಿದನು. ಕೊನೆಯ ದಿನಗಳಲ್ಲಿ ತನ್ನ ಪಾತ್ರದ ಬಗ್ಗೆ ಅವನಿಗೂ ಮಾತಿನ ಹಕ್ಕಿರುವುದೆಂದು ಕರಾರಿನಲ್ಲಿಯೇ ಇದ್ದಿತು. ೧೯೯೭ರ ನವೆಂಬರ್ ೯ರಂದು ಮಾಂಟ್ರಿಯಲ್ಲಿನ ಪಂದ್ಯವು ಗಲಿಬಿಲಿಯಲ್ಲಿ, ಯಾರೂ ಸೋಲದಂತೆ, ಮುಗಿಯಬೇಕೆಂದು ನಿಶ್ಚಯವಾಯಿತು. ಪಂದ್ಯಕ್ಕೆ ಮುಂಚೆ ಇಬ್ಬರೂ ಆಡಿದ ಮಾತನ್ನು ಹಾರ್ಟನು ಮೈಯಲ್ಲಡಗಿಸಿಕೊಂಡಿದ್ದ ಯಂತ್ರದಿಂದ ಮುದ್ರಿಸಿಕೊಂಡಿದ್ದನು, ಅದು ಚಿತ್ರದಲ್ಲಿದೆ. ಪಂದ್ಯದ ನಡುವೆ ಮೈಕೇಲ್ಸನು ಹಾರ್ಟನ ಪಟ್ಟನ್ನೇ ಹಾರ್ಟನಿಗೆ ಹಾಕಿದನು. ಹಾರ್ಟನು ಸೋಲೊಪ್ಪದಿದ್ದರೂ, ಕಣದ ಪಕ್ಕದಲ್ಲಿ ನಿಂತಿದ್ದ ಮೆಕ್‌ಮಹನ್ನನ ಅಪ್ಪಣೆಯಂತೆ ಗಂಟೆ ಬಾರಿಸಲ್ಪಟ್ಟಿತು.

೧೯೨೫ನ್ನೂ ೧೯೯೭ನ್ನೂ ಹೋಲಿಸಿದರೆ ನಮ್ಮ ವಾದ ಸ್ಪಷ್ಟವಾಗುತ್ತದೆ. ಫಿಲಡೆಲ್ಫಿಯದಲ್ಲಿ ಗೊತ್ತಾದ ಕಥೆಯನ್ನು ಮುರಿದವನು ಮಲ್ಲ. ಅವನ ಆಯುಧ ಪಟ್ಟು. ಮಾಂಟ್ರಿಯಲ್ಲಿನಲ್ಲಿ ಮುರಿದವನು ಯಜಮಾನ. ಅವನ ಆಯುಧ ಗಂಟೆ. ಹಾರ್ಟನ ಕುಶಲತೆ ಜಿಬಿಸ್ಕೋವಿನಂತೆ ಅವನ ನೆರವಿಗೆ ಬರಲಿಲ್ಲ. ಅವನು ಯಜಮಾನನ ಮುಖಕ್ಕೆ ಉಗುಳಿದನು. ವೇಷ ಕಳಚುವ ಕೋಣೆಯಲ್ಲಿ ಅವನನ್ನು ಗುದ್ದಿದನು. ಆದರೂ ಪಟ್ಟ ಹೋದುದು ಹೋಯಿತು.

ಚಿತ್ರವು ನಿರ್ದೋಷವಾದುದೆಂದು ನಾವು ಹೇಳುವುದಿಲ್ಲ. ಅದು ಹಾರ್ಟನ ಪಕ್ಷವನ್ನು ವಹಿಸುತ್ತದೆ. ಯಜಮಾನನ ಭಯಕ್ಕೂ ಆಧಾರವಿದ್ದಿತು: ೧೯೯೫ರಲ್ಲಿ ಅವನ ಮಹಿಳಾ ಚಾಂಪಿಯನ್ ಒಬ್ಬಳು ಪ್ರತಿಸ್ಪರ್ಧಿ ಸಂಸ್ಥೆಗೆ ಹೋಗಿ, ಟೆಲಿವಿಷನ್ನಿನಲ್ಲಿ ಅವನ ಪಟ್ಟವನ್ನು ಕಸದ ತೊಟ್ಟಿಗೆ ಹಾಕಿದ್ದಳು. ಅಲ್ಲದೆ ಹಾರ್ಟನೇ ತನ್ನನ್ನೂ ತನ್ನ ವೇಷವನ್ನೂ ಬೇರ್ಪಡಿಸಿ ನೋಡಲಾರದವನಾಗಿದ್ದನು. ಕಲ್ಪಿತವಾದ ಸೋಲು ಅವನಿಗೆ ನಿಜವಾದ ಅವಮಾನವಾಗಿ ತೋರಿತು. ಆದರೆ ಈ ದೌರ್ಬಲ್ಯವೇ ಚಿತ್ರದ ಸತ್ಯ. ಹಲವು ವರ್ಷ ಒಂದು ಹೆಸರಿನಲ್ಲಿ ಬಾಳಿದವನಿಗೆ ಆ ಹೆಸರು ಅಂಗಿಯಲ್ಲ, ಚರ್ಮ.

೬

ಅನಂತರ ನಡೆದುದು ಇನ್ನೂ ವಿಚಾರಾರ್ಹ. ಜನರ ಸಿಟ್ಟನ್ನು ಮೆಕ್‌ಮಹನ್ನನು ವ್ಯರ್ಥಮಾಡಲಿಲ್ಲ. ತಾನೇ ದುಷ್ಟ ಧಣಿಯ ವೇಷ ಧರಿಸಿ ಕಣಕ್ಕಿಳಿದನು. ೧೯೯೮ರಲ್ಲಿ ಸ್ಟೀವ್ ಆಸ್ಟಿನ್ ಎಂಬ ಮಲ್ಲನು ದುಡಿಯುವವರ ಪ್ರತಿನಿಧಿಯಂತೆ ಈ ಧಣಿಯನ್ನು ವಾರವಾರವೂ ಥಳಿಸಿದಾಗ ಸಭೆ ಹರ್ಷೋದ್ಗಾರ ಮಾಡಿತು. ಧಣಿಗೆ ಬಿದ್ದ ಪೆಟ್ಟಿನ ಹಣವೂ ಧಣಿಗೇ ಸೇರಿತು. ೧೯೯೯ರ ಅಕ್ಟೋಬರಿನಲ್ಲಿ ಅವನ ಸಂಸ್ಥೆ ಷೇರುಪೇಟೆಗೆ ಬಂದಿತು. ಬಾರ್ತನು ವರ್ಣಿಸಿದ ನ್ಯಾಯದ ಪ್ರದರ್ಶನ ಇಲ್ಲಿ ಪೂರ್ಣವಾಗಿ ನಡೆಯಿತು. ಪ್ರದರ್ಶನದಾಚೆಗಿನ ನ್ಯಾಯ ಇದ್ದಲ್ಲಿಯೇ ಇದ್ದಿತು. ಸಂಸ್ಥೆಯ ಮಲ್ಲರು ಇಂದಿಗೂ ನೌಕರರೆನಿಸಿಕೊಳ್ಳದೆ ಸ್ವತಂತ್ರ ಗುತ್ತಿಗೆದಾರರೆನಿಸಿಕೊಂಡಿದ್ದಾರೆ; ಅನೇಕರ ಕಣದ ಹೆಸರುಗಳು ಸಂಸ್ಥೆಯ ಟ್ರೇಡ್‌ಮಾರ್ಕುಗಳು.

ಅದೇ ೧೯೯೯ರ ಮೇ ೨೩ರಂದು ಕ್ಯಾನ್ಸಾಸ್ ಸಿಟಿಯಲ್ಲಿ ಬ್ರೆಟ್‌ನ ತಮ್ಮ ಓವೆನ್ ಹಾರ್ಟನು ‘ಬ್ಲೂ ಬ್ಲೇಜರ್’ ಎಂಬ ಹಾಸ್ಯವೇಷದಲ್ಲಿ, ಸಭಾಂಗಣದ ಚಾವಣಿಯಿಂದ ತಂತಿಯ ಆಧಾರದಲ್ಲಿ ಇಳಿಯಬೇಕಾಗಿದ್ದಿತು. ಕೊಂಡಿ ಕಳಚಿ, ಕಣಕ್ಕೆ ಬಿದ್ದು ಮೃತನಾದನು. ಇದು ಆಟದ ಭಾಗವಲ್ಲವೆಂದು ವ್ಯಾಖ್ಯಾನಕಾರನು ಟೆಲಿವಿಷನ್ ವೀಕ್ಷಕರಿಗೆ ಮತ್ತೆಮತ್ತೆ ಹೇಳಬೇಕಾಯಿತು. ಉಳಿದ ಪಂದ್ಯಗಳು ಆ ರಾತ್ರಿ ಮುಂದುವರಿದುವು.

ವೇಷದ ಅರ್ಥವನ್ನು ಬಾರ್ತನು ನಮಗೆ ತೋರಿಸಿಕೊಟ್ಟನು. ಅದಕ್ಕಾಗಿ ನಾವು ಅವನಿಗೆ ಋಣಿಗಳು. ಆದರೆ ವೇಷವನ್ನು ತೊಡಿಸಿದವನಾರು, ತೊಟ್ಟವನಿಗೆ ಅದನ್ನು ಬೇಡವೆನ್ನುವ ಅಧಿಕಾರವಿದ್ದಿತೇ, ಬಿದ್ದ ದೇಹದ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಸಭೆಯಲ್ಲಿ ಕುಳಿತವನಿಗೆ ದೊರೆಯುವುದಿಲ್ಲ. ಅದನ್ನು ಕರಾರುಪತ್ರಗಳಲ್ಲಿಯೂ ನ್ಯಾಯಾಲಯದ ತೀರ್ಪುಗಳಲ್ಲಿಯೂ ಹುಡುಕಬೇಕಾಗುತ್ತದೆ. ಜನಪ್ರಿಯ ಕಲೆಗಳನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳು ರಂಗವನ್ನು ನೋಡುವಷ್ಟೇ ಶ್ರದ್ಧೆಯಿಂದ ಯಜಮಾನನ ಲೆಕ್ಕದ ಪುಸ್ತಕವನ್ನೂ ನೋಡುವರೆಂದು ನಂಬಿದ್ದೇವೆ.