ಗ್ರಾಮಸಭೆಯ ಲಕ್ಷಣವೂ ಚಾಕಣದ ಲಕ್ಷ್ಯವೂ

ಯಾವುದೊಂದು ಲಕ್ಷಣವನ್ನು ಪರೀಕ್ಷಿಸುವಾಗಲೂ ನಮ್ಮ ಶಾಸ್ತ್ರಕಾರರು ಅದು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿಂದ ಮುಕ್ತವಾಗಿದೆಯೇ ಎಂದು ನೋಡುತ್ತಾರೆ. ಕಾವ್ಯವಿಚಾರದಲ್ಲಿ ನಾವು ಬಳಸುತ್ತ ಬಂದ ಈ ಒರೆಗಲ್ಲನ್ನು ಕಾಯಿದೆಯ ಮಾತಿಗೂ ಹಚ್ಚಿ ನೋಡುವುದು ಅನುಚಿತವಾಗಲಾರದು. ಸರಕಾರವು ತನ್ನ ಕೆಲಸಕ್ಕಾಗಿ ಯಾರಿಗೆ ಉತ್ತರ ಕೊಡಬೇಕೆಂಬುದೂ ಕೊನೆಗೆ ಒಂದು ಲಕ್ಷಣವಾಕ್ಯವನ್ನೇ ಅವಲಂಬಿಸಿದೆ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯ ಪ್ರಕಾರ, ಗ್ರಾಮಕ್ಕೆ ಸಂಬಂಧಿಸಿದ ಮತದಾರರ ಪಟ್ಟಿಯಲ್ಲಿ ಹೆಸರುಳ್ಳವರು ಸೇರಿದ್ದೇ ಗ್ರಾಮಸಭೆ. ನೀರು, ದೀಪ, ಚರಂಡಿ, ರಸ್ತೆಗಳ ಲೆಕ್ಕವನ್ನು ಪ್ರಜೆಗಳು ಎದುರೆದುರು ನಿಂತು ಕೇಳಬಹುದಾದ ಸ್ಥಾನ ಅದೊಂದೇ. ಊರೆಂದರೆ ಹುಟ್ಟಿದವರು ಬಾಳಿ ಮಣ್ಣಾಗುವ ನೆಲೆ ಎಂಬ ಭಾವನೆ ಈ ವಾಕ್ಯದ ಹಿಂದಿದೆ.

ಪುಣೆಯ ಉತ್ತರಕ್ಕೆ, ನಾಸಿಕದ ಹೆದ್ದಾರಿಯ ಮೇಲಿರುವ ಚಾಕಣಕ್ಕೆ ಈ ಭಾವನೆ ಒಂದು ಕಾಲಕ್ಕೆ ಸಲ್ಲುತ್ತಿತ್ತು. 1660ರ ಮುತ್ತಿಗೆಯನ್ನು ಕಂಡ ಸಂಗ್ರಾಮದುರ್ಗಕ್ಕೂ ಉಳ್ಳಾಗಡ್ಡಿಯ ಪೇಟೆಗೂ ಹೆಸರಾದ ಈ ಊರಿನ ಸುತ್ತ ಮುಂದೆ ವಾಹನ ತಯಾರಿಸುವ ಕಾರ್ಖಾನೆಗಳು ಎದ್ದವು. ಅವು ಬಂದಾಗ ಮಹಾಳುಂಗೆ, ನಿಘೋಜೆ, ಕುರುಳಿ ಮೊದಲಾದವು ಗ್ರಾಮಪಂಚಾಯತಿಗಳ ಆಡಳಿತದಲ್ಲಿದ್ದ ಹಳ್ಳಿಗಳು. ದೂರದೂರದಿಂದ ಬಂದ ಕೂಲಿಕಾರರು ಬಾಡಿಗೆಯ ಖೋಲಿಗಳಲ್ಲಿ ನೆಲೆಸಿದರು. ಅವರಲ್ಲಿ ಕನ್ನಡಿಗರೂ ಉಂಟು. ನಲ್ಲಿಯ ಮುಂದೆ ಸಾಲು ನಿಲ್ಲುವವರು ಅವರು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಭೆಯಲ್ಲಿ ಅವರಿಗೆ ಸ್ಥಾನವಿಲ್ಲ. ಅವ್ಯಾಪ್ತಿ ದೋಷಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಹೆಸರು ಹಚ್ಚಿಸಿಕೊಳ್ಳಲು ಅಡ್ಡಿಯೇನು ಎಂದು ವಾಚಕರು ಕೇಳಬಹುದು. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಹೆಸರು ನೋಂದಿಸಲು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಅವಕಾಶ ಕೊಟ್ಟಿದೆ, ನಿಜ. ಆದರೆ ಅದೇ ಕಾಯಿದೆ ಎರಡು ಕ್ಷೇತ್ರಗಳಲ್ಲಿ ಹೆಸರಿರಕೂಡದೆಂದೂ ಹೇಳುತ್ತದೆ. ತವರಿನ ಪಟ್ಟಿಯಿಂದ ಹೆಸರು ತೆಗೆಸಲು ಯಾರ ಮನಸ್ಸೂ ಒಪ್ಪದು. ಈ ಮಾತು ಕೂಲಿಕಾರರಿಗೆ ಮಾತ್ರವಲ್ಲ, ವಿದ್ಯಾವಂತರಾದ ನಮಗೂ ಅನ್ವಯಿಸುತ್ತದೆ. ಕೊಳವೆಬಾವಿಗಳನ್ನು ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ, ಕರ್ನಾಟಕದ 1983ರ ಪಂಚಾಯತಿ ಕಾಯಿದೆಗಾಗಿ ದುಡಿದ ಅಬ್ದುಲ್ ನಜೀರ್ ಸಾಬರನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಅಲ್ಲಿಯ ಸಭೆಗೆ ನಾವು ಹೋಗುವುದಿಲ್ಲ, ಇಲ್ಲಿಯ ಸಭೆಗೆ ನಾವು ಸೇರುವುದಿಲ್ಲ. ಎರಡೂ ಕಡೆಯ ಆಡಳಿತಕ್ಕೆ ಇದರಿಂದ ಅನುಕೂಲವೇ ಆಗಿದೆ.

ಚಾಕಣವು 2015ರಲ್ಲಿ ನಗರಪರಿಷತ್ತಾಯಿತು. ಊರಿಗೆ ಪದವಿ ದೊರೆತರೂ ಗ್ರಾಮಸಭೆ ಇಲ್ಲವಾಯಿತು. ವಾರ್ಡು ಸಮಿತಿಗಳನ್ನಾದರೂ ಸಂವಿಧಾನವು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಪಟ್ಟಣಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಚಾಕಣದ ಜನಸಂಖ್ಯೆ ಅರ್ಧ ಲಕ್ಷವನ್ನೂ ಮುಟ್ಟಿರಲಿಲ್ಲ. ಹಳ್ಳಿಯ ಹಕ್ಕನ್ನು ಕಳೆದುಕೊಂಡ ಊರಿಗೆ ಮಹಾನಗರದ ಹಕ್ಕು ಬರಲಿಲ್ಲ.

ಇದಕ್ಕೆ ಹೋಲಿಸಿದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯ ಲಕ್ಷಣ ಹೆಚ್ಚು ನಿರ್ದುಷ್ಟವಾಗಿದೆ. ಅಲ್ಲಿ ಅಧಿಕಾರಿಯಾದವನು ‘ನಾಗರಿಕ’. ಪಟ್ಟಿಯನ್ನು ಯಾರೂ ಕೇಳುವುದಿಲ್ಲ, ಕಾರಣವನ್ನೂ ಹೇಳಬೇಕಾಗಿಲ್ಲ, ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರತಕ್ಕದ್ದು. ಆದರೂ ಒಬ್ಬನ ಅರ್ಜಿಗೆ ಬಂದ ಉತ್ತರವು ಸಭೆಯಲ್ಲಿ ಹತ್ತು ಜನರೆದುರು ಹೇಳಬೇಕಾದ ಉತ್ತರಕ್ಕೆ ಸಮನಾಗಲಾರದು. ಅಲ್ಲದೆ ಅರ್ಜಿಯು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ರಾಜಭಾಷೆಯಲ್ಲಿರಬೇಕು. ಚಾಕಣದಲ್ಲಿ ಅದು ಮರಾಠಿ. ಕನ್ನಡವೊಂದನ್ನೇ ಬಲ್ಲ ಕೂಲಿಕಾರನ ಬಾಯಿ ಇಲ್ಲಿಯೂ ಕಟ್ಟಿದೆ. ಬರೆಯಬಾರದವನಿಗೆ ಅಧಿಕಾರಿಯೇ ನೆರವಾಗಬೇಕೆಂದು ಕಾಯಿದೆ ವಿಧಿಸಿದೆಯಾದರೂ, ಯಾರ ಲೆಕ್ಕವನ್ನು ಕೇಳಬೇಕಾಗಿದೆಯೋ ಅವರ ಕೈಯಿಂದಲೇ ಪ್ರಶ್ನೆಯನ್ನು ಬರೆಸಲು ಬಡವನಿಗೆ ಧೈರ್ಯ ಬರುವುದು ಕಷ್ಟ.

ಲಕ್ಷಣವನ್ನು ತಿದ್ದುವುದು ಶಾಸನಸಭೆಗಳ ಕೆಲಸ. ಅಷ್ಟರವರೆಗೆ ಎರಡೂ ಭಾಷೆಗಳನ್ನು ಬಲ್ಲ ಕನ್ನಡ ಸಂಘಗಳ ಸದಸ್ಯರು ತಿಂಗಳಿಗೊಂದು ರವಿವಾರ ಚಾಕಣದ ಖೋಲಿಗಳಿಗೆ ಹೋಗಿ ಅರ್ಜಿ ಬರೆದುಕೊಡಬಹುದು, ಪಟ್ಟಿಗೆ ಹೆಸರು ಹಚ್ಚುವ ನಮೂನೆಯನ್ನು ತುಂಬಿಕೊಡಬಹುದು. ನುಡಿಯ ಸೇವೆಯೆಂದು ನಾವು ಹೇಳಿಕೊಳ್ಳುವ ಕಾರ್ಯಗಳಲ್ಲಿ ಇದನ್ನೂ ಸೇರಿಸಬೇಕೆಂದು ನಮ್ಮ ಅಭಿಪ್ರಾಯ.